ದಿನಕ್ಕೆ 1% ಸುಧಾರಿಸಿದರೆ ಒಲಿಂಪಿಕ್ ಚಿನ್ನ ಬರುತ್ತದೆಯೇ? ಬ್ರಿಟಿಷ್ ಸೈಕ್ಲಿಂಗ್ ಫಾರ್ವರ್ಡ್ ಹೇಳದ ಕಥೆ

ಫ್ಯಾಮಿಲಿ ಗ್ರೂಪಿನಲ್ಲೋ ಆಫೀಸ್ ಗ್ರೂಪಿನಲ್ಲೋ ಈ ಮೆಸೇಜ್ ನಿಮಗೂ ಬಂದಿರಬಹುದು. ಬ್ರಿಟನ್ನಿನ ಸೈಕ್ಲಿಂಗ್ ತಂಡ ನೂರು ವರ್ಷ ಏನೂ ಗೆಲ್ಲದೆ ಒದ್ದಾಡುತ್ತಿತ್ತಂತೆ. 1908ರ ನಂತರ ಬಂದದ್ದು ಒಂದೇ ಒಂದು ಒಲಿಂಪಿಕ್ ಚಿನ್ನವಂತೆ. 2003ರಲ್ಲಿ ಡೇವ್ ಬ್ರೇಲ್ಸ್‌ಫರ್ಡ್ ಎಂಬುವವರು ಬಂದು ಆಟಗಾರರ ದಿಂಬು ಬದಲಿಸಿದರು, ಕೈ ತೊಳೆಯುವುದನ್ನು ಕಲಿಸಿದರು, ಎಲ್ಲದರಲ್ಲೂ 1% ಸುಧಾರಣೆ ಮಾಡಿದರು. ಐದೇ ವರ್ಷದಲ್ಲಿ ತಂಡ ಜಗತ್ತನ್ನೇ ಗೆದ್ದಿತು! ಕೊನೆಯಲ್ಲಿ ಉಪದೇಶ: ನೀವೂ ದಿನಕ್ಕೆ 1% ಸುಧಾರಿಸಿ, ವರ್ಷದಲ್ಲಿ 37 ಪಟ್ಟು ಉತ್ತಮರಾಗುತ್ತೀರಿ.

ಇದರ ಕೆಳಗೇ ಯಾರಾದರೂ ಬರೆದಿರುತ್ತಾರೆ: "ಅವರ ದೇಹವೇ ಬೇರೆ ಬಿಡಿ, ನಮ್ಮವರಿಂದ ಆಗಲ್ಲ."

ಎರಡನ್ನೂ ಪರಿಶೀಲಿಸೋಣ.

ಮೊದಲು ನಿಜವಾದ ಭಾಗ

ದಿಂಬಿನ ಕಥೆ ಸುಳ್ಳಲ್ಲ. ಆಟಗಾರರು ಎಲ್ಲಿ ಹೋದರೂ ಚೆನ್ನಾಗಿ ನಿದ್ದೆ ಮಾಡಲಿ ಎಂದು ಸರಿಹೊಂದುವ ಹಾಸಿಗೆ, ದಿಂಬು ಒಯ್ಯುತ್ತಿದ್ದದ್ದು ನಿಜ. ಶೀತ ಹರಡದಂತೆ ಕೈ ತೊಳೆಯುವುದನ್ನು ಶಸ್ತ್ರವೈದ್ಯರಿಂದ ಹೇಳಿಸಿದ್ದೂ ನಿಜ. ಧೂಳು ಕಾಣಲಿ ಎಂದು ಸೈಕಲ್ ರಿಪೇರಿ ಮಾಡುವ ಲಾರಿಯ ನೆಲಕ್ಕೆ ಬಿಳಿ ಬಣ್ಣ ಬಳಿದಿದ್ದರು. ಫಲಿತಾಂಶವೂ ನಿಜ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್‌ಗೆ ಸೈಕ್ಲಿಂಗ್ ಒಂದರಲ್ಲೇ 8 ಚಿನ್ನ ಬಂದವು, 2012ರ ಲಂಡನ್‌ನಲ್ಲಿ ಮತ್ತೆ 8. 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್ ಅನ್ನು ಬ್ರಿಟಿಷ್ ಸವಾರನೊಬ್ಬ ಮೊದಲು ಗೆದ್ದದ್ದು 2012ರಲ್ಲಿ, ಬ್ರಾಡ್ಲಿ ವಿಗ್ಗಿನ್ಸ್.

ಎಡವಟ್ಟು ಇರುವುದು ಅದಕ್ಕೂ ಹಿಂದಿನ ಕಥೆಯಲ್ಲಿ. 1908ರ ನಂತರ ಒಂದೇ ಚಿನ್ನ ಎಂಬುದು ತಪ್ಪು. 1920ರಲ್ಲಿ ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್‌ನಲ್ಲಿ ಒಂದು, 1992ರಲ್ಲಿ ಕ್ರಿಸ್ ಬೋರ್ಡ್‌ಮನ್ ಒಂದು, 2000ದ ಸಿಡ್ನಿಯಲ್ಲಿ ಜೇಸನ್ ಕ್ವೀಲಿ ಒಂದು ಚಿನ್ನ ಗೆದ್ದಿದ್ದರು. ಸಿಡ್ನಿಯಲ್ಲಿ ಒಟ್ಟು 4 ಸೈಕ್ಲಿಂಗ್ ಪದಕ ಬಂದಿದ್ದವು. ಅಂದರೆ ಫಾರ್ವರ್ಡ್‌ನಲ್ಲಿ ಹೇಳಿದ ಆ 2003ಕ್ಕೂ ಮೊದಲೇ ಗಾಡಿ ಹತ್ತುದಾರಿ ಹಿಡಿದಿತ್ತು.

ಇನ್ನೂ ಹಿಂದೆ ಹೋದರೆ ಬೆರಿಲ್ ಬರ್ಟನ್ ಎಂಬ ಮಹಿಳೆ ಸಿಗುತ್ತಾರೆ. ತೋಟದಲ್ಲಿ ದುಡಿಯುತ್ತಲೇ ಅಭ್ಯಾಸ ಮಾಡಿ 7 ವಿಶ್ವ ಪ್ರಶಸ್ತಿ ಗೆದ್ದವರು. 1967ರಲ್ಲಿ 12 ಗಂಟೆಯಲ್ಲಿ ಸುಮಾರು 446 ಕಿ.ಮೀ. ತುಳಿದು ಗಂಡಸರ ಬ್ರಿಟಿಷ್ ದಾಖಲೆಯನ್ನೇ ಹಿಂದೆ ಹಾಕಿದರು. ಅವರ ಹೆಸರಿನ ಮುಂದೆ ಒಲಿಂಪಿಕ್ ಪದಕ ಇಲ್ಲ, ಏಕೆಂದರೆ 1984ರವರೆಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸೈಕ್ಲಿಂಗ್ ಸ್ಪರ್ಧೆಯೇ ಇರಲಿಲ್ಲ. ಫಾರ್ವರ್ಡ್ ಬರೆದವರ ಲೆಕ್ಕದಲ್ಲಿ ಇಂಥವರೂ 'ಏನೂ ಗೆಲ್ಲದ ನೂರು ವರ್ಷ'ದೊಳಗೆ ಸೇರಿಬಿಟ್ಟಿದ್ದಾರೆ.

ಹಾಗಾದರೆ ನಡುವೆ ಏನಾಯಿತು?

1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬನ್ನಿ. ಎಲ್ಲ ಕ್ರೀಡೆ ಸೇರಿ ಬ್ರಿಟನ್‌ಗೆ ಸಿಕ್ಕಿದ್ದು 1 ಚಿನ್ನ, ಪದಕ ಪಟ್ಟಿಯಲ್ಲಿ 36ನೇ ಸ್ಥಾನ. ದೇಶಕ್ಕೆ ಮುಖಭಂಗ. ಅಲ್ಲಿ 1994ರಲ್ಲಿ ರಾಷ್ಟ್ರೀಯ ಲಾಟರಿ ಶುರುವಾಗಿತ್ತು. 1997ರಿಂದ ಆ ಲಾಟರಿ ದುಡ್ಡಿನ ಒಂದು ಪಾಲನ್ನು ನೇರವಾಗಿ ಕ್ರೀಡಾಪಟುಗಳ ತರಬೇತಿಗೆ ಮತ್ತು ಹೊಟ್ಟೆಪಾಡಿಗೆ ಕೊಡತೊಡಗಿದರು. ಅಲ್ಲಿಯವರೆಗೆ ಕೆಲಸ ಮುಗಿಸಿ ಸಂಜೆ ಸೈಕಲ್ ತುಳಿಯುತ್ತಿದ್ದವರಿಗೆ ಸೈಕಲ್ ತುಳಿಯುವುದೇ ಕೆಲಸವಾಯಿತು.

ಸೈಕ್ಲಿಂಗ್‌ಗೆ ಬಂದ ಹಣ ನೋಡಿ. ಸಿಡ್ನಿ ಒಲಿಂಪಿಕ್ಸ್ ತಯಾರಿಗೆ ಸುಮಾರು 54 ಲಕ್ಷ ಪೌಂಡ್. ಬೀಜಿಂಗ್ ತಯಾರಿಗೆ ಸುಮಾರು 2.2 ಕೋಟಿ. ಲಂಡನ್‌ಗೆ ಸುಮಾರು 2.6 ಕೋಟಿ. ರಿಯೋ ಹೊತ್ತಿಗೆ 3 ಕೋಟಿ ದಾಟಿತ್ತು. ಇಷ್ಟು ದುಡ್ಡಿದ್ದರೆ ದಿಂಬು ಒಯ್ಯುವುದು ದೊಡ್ಡ ವಿಷಯವಲ್ಲ ಬಿಡಿ.

ಹಣದಷ್ಟೇ ಮುಖ್ಯವಾದದ್ದು ಒಂದು ಕಟ್ಟಡ. 1994ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 250 ಮೀಟರ್ ಸುತ್ತಳತೆಯ ಮರದ ಒಳಾಂಗಣ ಟ್ರ್ಯಾಕ್ ತೆರೆಯಿತು. ಇಂಥ ಟ್ರ್ಯಾಕಿಗೆ ವೆಲೊಡ್ರೋಮ್ ಎನ್ನುತ್ತಾರೆ. ಮ್ಯಾಂಚೆಸ್ಟರ್ ಅಂದರೆ ಮಳೆಯೂರು. ಸೂರಿನ ಕೆಳಗೆ ವರ್ಷವಿಡೀ ತುಳಿಯಬಹುದು ಎಂಬುದು ಅಲ್ಲಿ ಸಣ್ಣ ಮಾತಲ್ಲ. ಕೋಚ್, ವಿಜ್ಞಾನಿ, ಮೆಕ್ಯಾನಿಕ್ ಎಲ್ಲರೂ ಅದೇ ಸೂರಿನಡಿ ಬಂದರು.

ಮೂರನೆಯದು ಶುದ್ಧ ವ್ಯಾಪಾರದ ಲೆಕ್ಕಾಚಾರ. ವಿಜ್ಞಾನಿಯಾಗಿದ್ದ ಪೀಟರ್ ಕೀನ್ 1997ರಲ್ಲಿ ಹೊಸ ಯೋಜನೆಯ ಹೊಣೆ ಹೊತ್ತಾಗ ರಸ್ತೆ ರೇಸುಗಳನ್ನು ಬದಿಗಿಟ್ಟು ಟ್ರ್ಯಾಕ್ ಮೇಲೆ ಗಮನ ಇಟ್ಟರು. ರಸ್ತೆಯಲ್ಲಿ ಗಾಳಿ, ಮಳೆ, ಪಂಚರ್, ಎದುರಾಳಿಯ ತಂತ್ರ, ಎಲ್ಲವೂ ಅಡ್ಡ ಬರುತ್ತವೆ. ಟ್ರ್ಯಾಕ್‌ನಲ್ಲಿ ಹಾಗಲ್ಲ, ಇಷ್ಟು ವ್ಯಾಟ್ ಶಕ್ತಿ ಹಾಕಿದರೆ ಇಷ್ಟು ಸೆಕೆಂಡು ಎಂದು ಹೆಚ್ಚುಕಡಿಮೆ ಮೊದಲೇ ಲೆಕ್ಕ ಹಾಕಬಹುದು. ಮೇಲಾಗಿ ಪದಕಗಳು ಹೆಚ್ಚು (ಬೀಜಿಂಗ್‌ನಲ್ಲಿ ಟ್ರ್ಯಾಕ್‌ನ 10 ಸ್ಪರ್ಧೆಗಳಿದ್ದವು), ಗಂಭೀರವಾಗಿ ಪೈಪೋಟಿ ಕೊಡುವ ದೇಶಗಳು ಕಡಿಮೆ. ಆ 10ರಲ್ಲಿ 7 ಚಿನ್ನ ಬ್ರಿಟನ್ ಪಾಲಾದವು. ಓಟದ ಸ್ಪರ್ಧೆಗೆ ಬಡ ದೇಶದ ಹುಡುಗನೂ ಬರಿಗಾಲಲ್ಲಿ ತಯಾರಾಗಬಲ್ಲ. ಟ್ರ್ಯಾಕ್ ಸೈಕ್ಲಿಂಗ್‌ಗೆ ಮೊದಲು ಟ್ರ್ಯಾಕ್ ಬೇಕು.

ಆಟಗಾರರ ಹುಡುಕಾಟವೂ ಹಾಗೇ ನಡೆಯಿತು. ರೆಬೆಕಾ ರೊಮೆರೊ 2004ರ ಅಥೆನ್ಸ್‌ನಲ್ಲಿ ದೋಣಿ ಹುಟ್ಟುಹಾಕುವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದವರು. ನಾಲ್ಕೇ ವರ್ಷದಲ್ಲಿ ಸೈಕಲ್ ಹತ್ತಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದರು! ದಿನಕ್ಕೆ 1% ಸುಧಾರಿಸುತ್ತಾ ಬಂದವರ ಕಥೆ ಇದಲ್ಲ. ಆಗಲೇ ತಯಾರಾಗಿದ್ದ ಹೃದಯ, ಶ್ವಾಸಕೋಶ, ತೊಡೆಗಳನ್ನು ಸರಿಯಾದ ಆಟಕ್ಕೆ ತಂದು ಕೂರಿಸಿದ ಕಥೆ.

37 ಪಟ್ಟಿನ ಲೆಕ್ಕ

ಗಣಿತ ಸರಿ ಇದೆ. 1.01 ಅನ್ನು 365 ಸಲ ಗುಣಿಸಿದರೆ ಸುಮಾರು 37.8 ಬರುತ್ತದೆ. ಆದರೆ ದೇಹ ಬ್ಯಾಂಕ್ ಬಡ್ಡಿಯಲ್ಲ. ಇಂದು ಒಂದು ಗಂಟೆ ಕಾಲ 200 ವ್ಯಾಟ್ ಶಕ್ತಿಯಲ್ಲಿ ತುಳಿಯುವವರು ವರ್ಷದ ನಂತರ 7,500 ವ್ಯಾಟ್ ತುಳಿಯಬೇಕಾಗುತ್ತದೆ. ಟೂರ್ ಡಿ ಫ್ರಾನ್ಸ್ ಗೆಲ್ಲುವ ಮಟ್ಟದವರೂ ಒಂದು ಗಂಟೆ ಹಿಡಿದಿಡುವುದು 400 ವ್ಯಾಟ್ ಆಸುಪಾಸಿನಲ್ಲಿ. ಅಭ್ಯಾಸ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ದೇಹ ಬೇಗ ಸುಧಾರಿಸುತ್ತದೆ, ಆಮೇಲೆ ನಿಧಾನ, ಆಮೇಲೆ ಇನ್ನೂ ನಿಧಾನ. ಮೇಲ್ಮಟ್ಟದ ಆಟಗಾರನಿಗೆ ಇಡೀ ವರ್ಷಕ್ಕೆ 1% ಸಿಕ್ಕರೂ ಹಬ್ಬ.

'ಅವರ ದೇಹವೇ ಬೇರೆ' ಎಂಬ ಮಾತು

ವಂಶವಾಹಿ ಲೆಕ್ಕಕ್ಕೇ ಇಲ್ಲ ಎಂದು ನಾವು ಹೇಳುವುದಿಲ್ಲ. ಹೆರಿಟೇಜ್ ಎಂಬ ಪ್ರಸಿದ್ಧ ಅಧ್ಯಯನದಲ್ಲಿ 98 ಕುಟುಂಬಗಳ 481 ಜನರಿಗೆ 20 ವಾರ ಒಂದೇ ಬಗೆಯ ಸೈಕಲ್ ವ್ಯಾಯಾಮ ಮಾಡಿಸಿದರು. ಕೆಲವರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಬಹಳ ಏರಿತು, ಕೆಲವರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಒಂದೇ ಮನೆಯವರ ಫಲಿತಾಂಶ ಒಂದೇ ತೆರನಾಗಿತ್ತು. ಇದು ಒಬ್ಬ ವ್ಯಕ್ತಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ. ದೇಶ ದೇಶಗಳ ನಡುವಿನ ಪದಕದ ಅಂತರವನ್ನು ಇದರಿಂದ ವಿವರಿಸಲಾಗದು. 1996ರಿಂದ 2008ರವರೆಗಿನ 12 ವರ್ಷದಲ್ಲಿ ಬ್ರಿಟನ್ನಿನ ಜನರ ವಂಶವಾಹಿ ಬದಲಾಗಿರಲು ಸಾಧ್ಯವಿಲ್ಲ, ಬಜೆಟ್ ಬದಲಾಯಿತು.

ದಿನಾ ಸೈಕಲ್ ತುಳಿಯುವ ಅಭ್ಯಾಸವೂ ಸಾಲದು. ನೆದರ್ಲೆಂಡ್ಸ್‌ನಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು. ಆದರೂ ಅಲ್ಲಿಯ ಪುರುಷ ಸವಾರರು ಟೂರ್ ಡಿ ಫ್ರಾನ್ಸ್ ಗೆದ್ದದ್ದು ಎರಡೇ ಸಲ, 1968 ಮತ್ತು 1980. ಎತ್ತರದ ಊರಲ್ಲಿ ರಕ್ತದ ಕೆಂಪುಕಣ ಹೆಚ್ಚಿರುವುದರಿಂದ ಕೊಲಂಬಿಯಾದವರು ಬೆಟ್ಟ ಹತ್ತುವುದರಲ್ಲಿ ಮುಂದು ಎನ್ನುವುದರಲ್ಲಿ ಅರ್ಥವಿದೆ. 2019ರ ಟೂರ್ ಗೆದ್ದ ಎಗಾನ್ ಬರ್ನಾಲ್ ಬೆಳೆದದ್ದು 2,600 ಮೀಟರ್‌ಗೂ ಎತ್ತರದ ಊರಿನಲ್ಲಿ. ಹಾಗಂತ ಬೊಲಿವಿಯಾ ಮತ್ತು ನೇಪಾಳದಲ್ಲೂ ಎತ್ತರದ ಊರುಗಳಿವೆಯಲ್ಲ? ಕೊಲಂಬಿಯಾದಲ್ಲಿ 1951ರಿಂದಲೇ ದೇಶ ಸುತ್ತುವ ದೊಡ್ಡ ರೇಸ್ ನಡೆಯುತ್ತಿದೆ. ಹಳ್ಳಿ ಹುಡುಗನಿಗೆ ತಾನೂ ಸೇರಬಹುದಾದ ಒಂದು ರೇಸ್ ಕಣ್ಣೆದುರಿಗಿದೆ.

ನಮ್ಮಲ್ಲಿ?

1964ರ ಟೋಕಿಯೊ ನಂತರ ಭಾರತದ ಸೈಕ್ಲಿಸ್ಟ್ ಒಬ್ಬರೂ ಒಲಿಂಪಿಕ್ಸ್‌ಗೆ ಹೋಗಿಲ್ಲ. 'ನಮ್ಮವರಿಂದ ಆಗಲ್ಲ' ಎನ್ನುವವರಿಗೆ ಇದೇ ಆಧಾರ. ಆದರೆ ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಒಳಾಂಗಣ ಟ್ರ್ಯಾಕ್ ಕಟ್ಟಿದ ಮೇಲೆ ಏನಾಯಿತು ನೋಡಿ. 2018ರಲ್ಲಿ ಅಂಡಮಾನ್‌ನ ಎಸೊ ಆಲ್ಬೆನ್ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಅಂಡಮಾನ್, ಮಣಿಪುರದ ಹುಡುಗರ ತಂಡ ಜೂನಿಯರ್ ತಂಡ ಸ್ಪ್ರಿಂಟ್‌ನಲ್ಲಿ ವಿಶ್ವ ಚಿನ್ನ ತಂದಿತು. 2022ರಲ್ಲಿ ಮಣಿಪುರದ ರೊನಾಲ್ಡೊ ಸಿಂಗ್ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಹಿರಿಯರ ಸ್ಪ್ರಿಂಟ್ ಬೆಳ್ಳಿ ಗೆದ್ದರು. ಕರ್ನಾಟಕದ ಸೈಕ್ಲಿಸ್ಟ್‌ಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯವರೇ ಹೆಚ್ಚು ಕಾಣುವುದೂ ನೀರಿನ ಗುಣದಿಂದಲ್ಲ. ಅಲ್ಲಿ ಮಕ್ಕಳನ್ನು ಚಿಕ್ಕವರಿದ್ದಾಗಲೇ ಸೇರಿಸಿಕೊಳ್ಳುವ ಕ್ರೀಡಾ ಹಾಸ್ಟೆಲ್, ಹಿರಿಯ ಸವಾರರು, ಸ್ಥಳೀಯ ರೇಸುಗಳು ಇವೆ.

ಈ ಫಾರ್ವರ್ಡ್ ಬಗ್ಗೆ ನಮ್ಮ ತಕರಾರು ಅಂಕಿ ತಪ್ಪಿದ್ದಕ್ಕೆ ಮಾತ್ರವಲ್ಲ. ಲಾಟರಿ ಹಣ, ಟ್ರ್ಯಾಕ್, ಸಂಬಳ ಎಲ್ಲವನ್ನೂ ಕಥೆಯಿಂದ ತೆಗೆದು ದಿಂಬನ್ನು ಮಾತ್ರ ಉಳಿಸಿದರೆ, ಸಾಲ ಮಾಡಿ ರೇಸ್ ಸೈಕಲ್ ಕೊಂಡ ರೈತನ ಮಗಳು ಸೋತಾಗ ತಪ್ಪು ಅವಳದೇ ಆಗುತ್ತದೆ. 1% ಸುಧಾರಿಸಲಿಲ್ಲವಲ್ಲ, ಅದಕ್ಕೆ!

ಬ್ರಿಟನ್ನಿನ ಕಥೆಗೂ ಬೇರೆ ಮುಖಗಳಿವೆ. ಬ್ರೇಲ್ಸ್‌ಫರ್ಡ್ ಅವರೇ ನಡೆಸುತ್ತಿದ್ದ ಸ್ಕೈ ತಂಡ ನಿಯಮದೊಳಗೇ ಇದ್ದರೂ ಔಷಧಿ ಬಳಕೆಯಲ್ಲಿ ನೈತಿಕ ಗೆರೆ ದಾಟಿತ್ತು ಎಂದು 2018ರಲ್ಲಿ ಅಲ್ಲಿಯ ಸಂಸದೀಯ ಸಮಿತಿ ವರದಿ ಕೊಟ್ಟಿತು. ತಂಡ ಅದನ್ನು ನಿರಾಕರಿಸಿತು. ಪದಕ ತರುವ ಆಟಕ್ಕೆ ಮಾತ್ರ ಹಣ ಎಂಬ ನೀತಿಯಿಂದ ಬೇರೆ ಆಟಗಳು ಬಡವಾದವು. 2016ರ ರಿಯೋದಲ್ಲಿ ಬ್ರಿಟನ್ನಿನ ಬ್ಯಾಡ್ಮಿಂಟನ್ ಜೋಡಿ ಕಂಚು ಗೆದ್ದಿತ್ತು. ಕೆಲವೇ ತಿಂಗಳಲ್ಲಿ, ಟೋಕಿಯೊ ತಯಾರಿಯ ಹಂಚಿಕೆಯಲ್ಲಿ, ಬ್ಯಾಡ್ಮಿಂಟನ್‌ಗೆ ಸಿಕ್ಕ ಹಣ ಸೊನ್ನೆ.