ಹೆರಿಗೆ ವಾರ್ಡಿನ ಹಳೆಯ ದಾಖಲೆಗಳು ಹೇಳಿದ ಸಕ್ಕರೆಯ ಕಥೆ

ಕೊಡಗಿನಲ್ಲಿ ಯಾರಿಗಾದರೂ ‘ಶುಗರ್’ ಬಂತೆಂದರೆ ನಾವು ಮೊದಲು ದೂರುವುದು ಅವರ ತಟ್ಟೆಯನ್ನು: ಕಡಂಬುಟ್ಟು, ನೂಪುಟ್ಟು, ಬೆಲ್ಲದ ಕಾಫಿ. ಊಟದ ಪಾಲು ಇದ್ದೇ ಇದೆ. ಆದರೆ ಈ ಕಾಯಿಲೆಯ ಬೇರು ತಾಯಿಯ ಗರ್ಭದವರೆಗೂ ಹೋಗಬಹುದು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಪಕ್ಕದ ಮೈಸೂರಿನಲ್ಲಿ.

ಉಂಡ ಅನ್ನ ಗ್ಲೂಕೋಸ್ ಆಗಿ ರಕ್ತ ಸೇರಿದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸುರಿಸುತ್ತವೆ. ಅದು ಸ್ನಾಯು, ಕೊಬ್ಬುಗಳ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಬಿಡುತ್ತದೆ. ಉಳಿದದ್ದನ್ನು ಯಕೃತ್ತಿನಲ್ಲಿ ಕೂಡಿಡಿಸುತ್ತದೆ. ಹೊಟ್ಟೆ ಖಾಲಿಯಾದಾಗ ಗ್ಲುಕಗಾನ್ ಆ ಉಗ್ರಾಣವನ್ನು ಬಿಚ್ಚಿಸುತ್ತದೆ. ಇನ್ಸುಲಿನ್ ಪೂರಾ ನಿಂತರೆ ಒಂದನೇ ಬಗೆಯ ಮಧುಮೇಹ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚುವವರೆಗೆ ಅದು ಸಾವಿನ ತೀರ್ಪೇ ಆಗಿತ್ತು. ನಮ್ಮಲ್ಲಿ ಹೆಚ್ಚಾಗಿರುವುದು ಎರಡನೇ ಬಗೆ: ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ, ಕ್ರಮೇಣ ಬೀಟಾ ಕೋಶಗಳೂ ಸೋಲುತ್ತವೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ದಶಕಗಳ ನಂತರ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಆಸ್ಪತ್ರೆಯ ವೈದ್ಯರು, ಅಲ್ಲಿ 1934ರಿಂದ 1953ರೊಳಗೆ ಹುಟ್ಟಿದ 506 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ ಮಧುಮೇಹ ಹೆಚ್ಚಿದ್ದು ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ. 1998ರಲ್ಲಿ ಪ್ರಕಟವಾದ ಮೈಸೂರಿನ ಫಲಿತಾಂಶ ಬೇರೆಯೇ ಇತ್ತು: ಇಲ್ಲಿ ಗಿಡ್ಡಗಿದ್ದೂ ಗುಂಡಗಿದ್ದ ಶಿಶುಗಳಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಕಾಯಿಲೆ ಹೆಚ್ಚು.

ಇದಕ್ಕೆ ಸಂಶೋಧಕರು ಊಹಿಸಿದ ಕಾರಣ ಗರ್ಭಿಣಿಯ ಸಕ್ಕರೆ. ತಾಯಿಯ ಗ್ಲೂಕೋಸ್ ಮಾಸುಚೀಲ ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ಭ್ರೂಣ ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ಕೊಬ್ಬು ಕೂಡಿಸುತ್ತದೆ. ಇದನ್ನು ಪರೀಕ್ಷಿಸಲು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗೇ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಿದ್ದವು. ಆ ಹುಡುಗಿಯರೂ ನಾಳೆ ತಾಯಂದಿರು.

ಇದನ್ನು ತಾಯಂದಿರ ಮೇಲಿನ ಹೊಸ ಆರೋಪವಾಗಿ ಓದಬಾರದು. ಆ ತಾಯಂದಿರಿಗೂ ತಮ್ಮ ರಕ್ತ, ತಮ್ಮ ಬಾಲ್ಯ ಆಯ್ಕೆಯಾಗಿರಲಿಲ್ಲ. ಈ ದಾಖಲೆಗಳು ಕೇಳುವುದು ಇಷ್ಟೇ: ನಲವತ್ತಾದ ಮೇಲೆ ಮನೆಯ ಯಜಮಾನರ ಸಕ್ಕರೆ ನೋಡಿಸುವ ನಾವು, ತೋಟದ ಲೈನ್‌ಮನೆಯ ಬಸುರಿಯ ಸಕ್ಕರೆಯನ್ನೂ ಸಕಾಲದಲ್ಲಿ ನೋಡಿಸುತ್ತೇವೆಯೇ?