ಒಂದು ಮಾತೃಕೆ, ಹಲವು ಯಂತ್ರಗಳು

ಕೊಳಕೂರ ಮೊದಲಾದ ಗ್ರಾಮಗಳನ್ನೊಳಗೊಂಡ ಜೇವರ್ಗಿ ಸೀಮೆಗೆ ಪೂರ್ವದಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಆ ರಾಜಧಾನಿಯಿಂದ ಆಳಿದ ಮುಮ್ಮಡಿ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ಯೆನಿಸಿಕೊಂಡ ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆಯು ಸಾವಿರ ಪ್ರತಿಗಳಾಗಿ ಬರೆಯಿಸಿ ದಾನಮಾಡಿದಳೆಂಬುದೂ ಪ್ರಸಿದ್ಧವಾದುದೇ. ಈ ಸಂಗತಿಯನ್ನು ಆಕೆಯ ಔದಾರ್ಯಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಪ್ರತಿಮಾಡುವ ಕಾರ್ಯದ ಸ್ವರೂಪವೇನೆಂಬ ದೃಷ್ಟಿಯಿಂದ ಅದನ್ನು ನೋಡಿದವರು ಕಡಮೆ. ಓಲೆಗರಿಯ ಪ್ರತಿಯೊಂದು ಪ್ರತಿಯೂ ಮೊದಲಿಂದ ಕೊನೆಯವರೆಗೆ ಕಂಠದಿಂದ ಕೊರೆದುದು. ಮಾತೃಕೆಯು ಗೆದ್ದಲಿಗೆ ತುತ್ತಾದರೂ ಪ್ರತಿಗೆ ಕೇಡಿಲ್ಲ. ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನೂ ತಿಥಿವಾರಗಳನ್ನೂ ಬರೆದಿಟ್ಟನೆಂದರೆ ಆ ಪ್ರತಿಯು ಉಳಿದೆಲ್ಲ ಪ್ರತಿಗಳಿಂದ ಬೇರೆಯಾಗಿ ನಿಲ್ಲುತ್ತದೆ. ಒಂದು ಮಾತೃಕೆಯಿಂದ ಹಲವು ಗಣಕಯಂತ್ರಗಳನ್ನು ಹುಟ್ಟಿಸುವ ಇಂದಿನ ವಿದ್ಯೆಯಲ್ಲಿ ಈ ಎರಡು ಗುಣಗಳೂ, ಎಂದರೆ ಪ್ರತಿಯ ಸ್ವಾತಂತ್ರ್ಯವೂ ಪ್ರತಿಯ ಗುರುತೂ, ತಾವಾಗಿ ಒದಗಿಬರುವುದಿಲ್ಲ. ಆ ವಿದ್ಯೆಯ ಚರಿತ್ರೆಯು ಬಹುಮಟ್ಟಿಗೆ ಇವೆರಡನ್ನು ಸಂಪಾದಿಸುವ ಪ್ರಯತ್ನದ ಚರಿತ್ರೆಯೇ ಆಗಿದೆ.

ಇಲ್ಲಿ ಯಂತ್ರವೆಂದರೆ ಕಬ್ಬಿಣ ತಾಮ್ರಗಳ ಯಂತ್ರವಲ್ಲ. ಒಂದು ನಿಜವಾದ ಗಣಕದೊಳಗೆ, ತಾನೊಂದು ಪೂರ್ಣಗಣಕವೇ ಎಂಬಂತೆ ನಡೆದುಕೊಳ್ಳುವ ಕಲ್ಪಿತಯಂತ್ರ. ಇದನ್ನು ವರ್ಚುಯಲ್ ಮಶೀನ್ ಎಂದು ಕರೆಯುತ್ತಾರೆ. ಅದರ ಡಿಸ್ಕು ಕೂಡ ಕಲ್ಪಿತವೇ. ವಸ್ತುತಃ ಅದೊಂದು ದೊಡ್ಡ ಕಡತ. ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶಗಳು, ಅಕ್ಷರರೂಪಗಳು ಎಲ್ಲವೂ ಆ ಕಡತದಲ್ಲಿ ಅಡಗಿರುತ್ತವೆ. ಡಿಸ್ಕ್ ಇಮೇಜ್ ಎಂಬ ಈ ಕಡತವನ್ನೇ ಇಲ್ಲಿ ಮಾತೃಕೆಯೆಂದು ಹೇಳಿದೆ.

ಕಲ್ಪಿತಯಂತ್ರದ ಉಗಮವು ಅಮೆರಿಕದ ಕೇಂಬ್ರಿಜ್ ನಗರದಲ್ಲಿ ೧೯೬೪ರಲ್ಲಿ ಸ್ಥಾಪಿತವಾದ ಐಬಿಎಮ್ ಸಂಸ್ಥೆಯ ವಿಜ್ಞಾನಕೇಂದ್ರದಲ್ಲಿ. ರಾಬರ್ಟ್ ಕ್ರೀಸಿ, ಲೆಸ್ ಕೋಮೋ ಎಂಬವರು ಅಲ್ಲಿ ಆರಂಭಿಸಿದ ಸಿಪಿ-೪೦ ಎಂಬ ವ್ಯವಸ್ಥೆಯು ೧೯೬೭ರ ಜನವರಿಯಲ್ಲಿ ಬಳಕೆಗೆ ಬಂದಿತು. ಒಂದೇ ಗಣಕದಲ್ಲಿ ಹದಿನಾಲ್ಕು ಕಲ್ಪಿತಯಂತ್ರಗಳವರೆಗೆ ಅದು ನಡೆಸಬಲ್ಲುದಾಗಿದ್ದಿತು. ಅದರ ಉತ್ತರಾಧಿಕಾರಿಗಳಾದ ಸಿಪಿ-೬೭ ಮತ್ತು ೧೯೭೨ರ ಆಗಸ್ಟಿನಲ್ಲಿ ಪ್ರಕಟವಾದ ವಿಎಮ್/೩೭೦ ಇವುಗಳಲ್ಲಿ ಡಿಸ್ಕುಗಳ ಏರ್ಪಾಡು ಗಮನಾರ್ಹವಾದುದು. ವ್ಯವಸ್ಥೆಯ ತಂತ್ರಾಂಶಗಳಿದ್ದ ಡಿಸ್ಕು ಒಂದೇ. ಎಲ್ಲ ಬಳಕೆದಾರರ ಯಂತ್ರಗಳೂ ಅದನ್ನು ಓದಬಹುದಾಗಿತ್ತೇ ಹೊರತು ಬರೆಯುವಂತಿರಲಿಲ್ಲ. ಬರೆಯುವುದಕ್ಕೆ ಪ್ರತಿಯೊಬ್ಬನಿಗೂ ಬೇರೆಯೊಂದು ಸಣ್ಣ ಡಿಸ್ಕು. ಮಠದ ಭಂಡಾರದಲ್ಲಿ ಮೂಲಗ್ರಂಥವೊಂದನ್ನು ಇರಿಸಿ, ಶಿಷ್ಯರೆಲ್ಲರೂ ಅದನ್ನೇ ಓದುತ್ತ ತಮ್ಮ ತಮ್ಮ ಟಿಪ್ಪಣಿಗಳನ್ನು ತಮ್ಮ ತಮ್ಮ ಗರಿಗಳಲ್ಲಿ ಬರೆದುಕೊಂಡಂತೆ ಇದು. ಇಂದು ನವೀನವೆಂದು ಹೇಳಿಕೊಳ್ಳುವ ಹಲವು ಉಪಾಯಗಳ ಬೀಜವು ಇಲ್ಲಿಯೇ ಇದೆಯೆಂಬುದನ್ನು ಮರೆಯಲಾಗದು.

ಆದರೆ ಆ ಏರ್ಪಾಡಿನಲ್ಲಿ ಒಂದು ಕೊರತೆಯಿದ್ದಿತು. ಹಂಚಿಕೊಂಡ ಭಾಗದಲ್ಲಿ ಒಬ್ಬ ಬಳಕೆದಾರನು ತನ್ನ ಮಟ್ಟಿಗೆ ಒಂದಕ್ಷರವನ್ನು ತಿದ್ದಬೇಕೆಂದರೂ ಅವಕಾಶವಿರಲಿಲ್ಲ. ಇದಕ್ಕೆ ಪರಿಹಾರವು ‘ಬರೆದಾಗ ಮಾತ್ರ ನಕಲು’ ಎಂಬ ಉಪಾಯ. ಕಲ್ಪಿತಯಂತ್ರವು ಓದುವಾಗ ಮಾತೃಕೆಯಿಂದಲೇ ಓದುತ್ತದೆ. ಬರೆದಾಗ ಮಾತ್ರ ಆ ತುಣುಕಿನ ನಕಲು ಅದರ ಸ್ವಂತ ಕಡತದಲ್ಲಿ ಉಂಟಾಗುತ್ತದೆ. ಮುಂದೆ ಆ ತುಣುಕನ್ನು ಅಲ್ಲಿಂದಲೇ ಓದಿಕೊಳ್ಳುತ್ತದೆ. ಸ್ಟ್ಯಾನ್‌ಫರ್ಡಿನ ಬುನ್ಯೋ, ಡಿವೈನ್, ರೋಸೆನ್‌ಬ್ಲಮ್ ಇವರು ೧೯೯೭ರಲ್ಲಿ ಪ್ರಕಟಿಸಿದ ‘ಡಿಸ್ಕೊ’ ಎಂಬ ವ್ಯವಸ್ಥೆಯಲ್ಲಿ ಹಲವು ಕಲ್ಪಿತಯಂತ್ರಗಳು ಒಂದೇ ಮೂಲಡಿಸ್ಕನ್ನು ಈ ರೀತಿಯಲ್ಲಿ ಹಂಚಿಕೊಂಡುದು ಕಾಣುತ್ತದೆ. ಮರುವರ್ಷವೇ ಈ ಮೂವರೂ ಸೇರಿದಂತೆ ಕೆಲವರು ವಿಎಮ್‌ವೇರ್ ಸಂಸ್ಥೆಯನ್ನು ಸ್ಥಾಪಿಸಿದರು. ಸಾಮಾನ್ಯ ಮೇಜುಗಣಕಕ್ಕೂ ಕಲ್ಪಿತಯಂತ್ರವು ದೊರೆತುದು ೧೯೯೯ರಲ್ಲಿ ಆ ಸಂಸ್ಥೆಯ ಮೂಲಕ. ಅನಂತರ ಫಾಬ್ರೀಸ್ ಬೆಲ್ಲಾರನ ಕ್ಯೂಎಮು ತಂತ್ರಾಂಶದ ಕ್ಯೂಕೌ ಕಡತಗಳಲ್ಲಿ ಇದೇ ತತ್ತ್ವವು ಎಲ್ಲರಿಗೂ ಮುಕ್ತವಾಗಿ ದೊರೆಯಿತು. ಹತ್ತಾರು ಗಿಗಾಬೈಟುಗಳ ಮಾತೃಕೆಯೊಂದಿದ್ದರೆ, ಅದರಿಂದ ಹುಟ್ಟಿದ ಮಗುವಿನ ಕಡತವು ಮೊದಲಲ್ಲಿ ಒಂದು ಛಾಯಾಚಿತ್ರದಷ್ಟೂ ಇರುವುದಿಲ್ಲ. ಹುಟ್ಟುವುದಕ್ಕೆ ಬೇಕಾದ ಕಾಲವೂ ಕ್ಷಣಮಾತ್ರ.

ಈ ಮಿತವ್ಯಯಕ್ಕೆ ತೆರಬೇಕಾದ ಬೆಲೆಯುಂಟು. ಇಂಥ ಪ್ರತಿಯು ಪ್ರತಿಯಲ್ಲ, ಮಾತೃಕೆಯ ಮೇಲೆ ಹೊದಿಸಿದ ತಿದ್ದುಪಡಿಗಳ ಪಟ್ಟಿ ಮಾತ್ರ. ಮಾತೃಕೆಯನ್ನು ಅಳಿಸಿದರೆ ಮಕ್ಕಳೆಲ್ಲವೂ ಅಳಿಯುತ್ತವೆ. ಅದಕ್ಕಿಂತಲೂ ಕೆಟ್ಟುದೆಂದರೆ, ಮಕ್ಕಳು ಹುಟ್ಟಿದ ಬಳಿಕ ಯಾರಾದರೂ ಮಾತೃಕೆಯನ್ನು ತೆರೆದು ಸದುದ್ದೇಶದಿಂದಲೇ ತಿದ್ದಿದರೆ, ಹಳೆಯ ಪಾಠವನ್ನು ನಂಬಿ ಬರೆದಿಟ್ಟ ತಿದ್ದುಪಡಿಗಳು ಹೊಸ ಪಾಠಕ್ಕೆ ಹೊಂದದೆ ಮಕ್ಕಳ ಡಿಸ್ಕು ಕೆಟ್ಟುಹೋಗುತ್ತದೆ. ಶಾಂತಿಪುರಾಣದ ಮಾತೃಕೆಯು ಇಂದು ಎಲ್ಲಿಯೂ ಇಲ್ಲ. ಆದರೂ ಕಾವ್ಯವು ಉಳಿದಿದೆ. ಅತ್ತಿಮಬ್ಬೆಯು ಇಂದಿನ ಮಿತವ್ಯಯದ ಮಾರ್ಗವನ್ನು ಹಿಡಿದಿದ್ದರೆ ಸಾವಿರ ಪ್ರತಿಗಳಿಗೂ ಒಂದೇ ಗೆದ್ದಲು ಸಾಕಾಗುತ್ತಿತ್ತು. ಬಾಳಬೇಕಾದ ಯಂತ್ರಕ್ಕೆ ಪೂರ್ಣಪ್ರತಿ, ನಾಳೆ ಅಳಿಸುವ ಯಂತ್ರಕ್ಕೆ ಆಶ್ರಿತಪ್ರತಿ ಎಂಬ ವಿವೇಕವು ಆದಕಾರಣ ಅವಶ್ಯಕ.

ಗುರುತಿನ ಪ್ರಶ್ನೆಯು ಇದಕ್ಕಿಂತ ಜಟಿಲವಾದುದು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳಿಗೆ ಐಟಿ@ಸ್ಕೂಲ್ ಯೋಜನೆಯು ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯೂ ಒಂದೇ ಮಾತೃಕೆಯಿಂದ ಹರಡಿದುದೇ. ಆದರೆ ಅಂಥ ವ್ಯವಸ್ಥೆಯನ್ನು ಯಂತ್ರದಲ್ಲಿ ಹೊಸದಾಗಿ ಸ್ಥಾಪಿಸುವಾಗ ಆಯಾ ಯಂತ್ರದ ಹೆಸರೂ ಬಳಕೆದಾರನೂ ಅಲ್ಲಿಯೇ ನಿರ್ಣಯವಾಗುತ್ತವೆ. ಸ್ಥಾಪನೆ ಬೇರೆ, ಪ್ರತೀಕರಣ ಬೇರೆ. ಬಳಕೆಯಲ್ಲಿರುವ ಯಂತ್ರವೊಂದರ ಡಿಸ್ಕನ್ನೇ ಪ್ರತಿಮಾಡಿದರೆ ಅದರ ಹೆಸರು, ಯಂತ್ರಸಂಖ್ಯೆ, ಇತರ ಯಂತ್ರಗಳಿಗೆ ತಾನಾರೆಂದು ರುಜುವಾತುಪಡಿಸುವ ರಹಸ್ಯಕೀಲಿ ಇವೆಲ್ಲವೂ ಪ್ರತಿಗೆ ಇಳಿಯುತ್ತವೆ. ಲಿಪಿಕಾರನು ತಾನು ಬರೆದ ಪ್ರತಿಯ ಕೊನೆಯಲ್ಲಿ ಹಿಂದಿನ ಲಿಪಿಕಾರನ ಹೆಸರನ್ನೂ ತಿಥಿಯನ್ನೂ ಹಾಗೆಯೇ ನಕಲುಮಾಡಿದರೆ ಕಾಲನಿರ್ಣಯ ಮಾಡುವವರಿಗೆ ಎಂಥ ಭ್ರಮೆಯುಂಟಾಗುವುದೋ ಅಂಥದೇ ಇದು. ಆದರೆ ಇಲ್ಲಿ ಭ್ರಮೆಯೊಡನೆ ಅಪಾಯವೂ ಇದೆ. ಒಂದೇ ಕೀಲಿಯುಳ್ಳ ನೂರು ಯಂತ್ರಗಳಲ್ಲಿ ಒಂದನ್ನು ಕೈವಶಮಾಡಿಕೊಂಡವನು ಉಳಿದ ತೊಂಬತ್ತೊಂಬತ್ತರ ವೇಷವನ್ನೂ ಹಾಕಬಲ್ಲನು. ಸಮಾನಸ್ಖಾಲಿತ್ಯಗಳಿಂದ ಎರಡು ಓಲೆಪ್ರತಿಗಳು ಒಂದೇ ಮೂಲದವೆಂದು ಗ್ರಂಥಸಂಪಾದಕನು ಊಹಿಸುವಂತೆ, ಸಮಾನವಾದ ಕೀಲಿಗಳಿಂದ ಈ ಯಂತ್ರಗಳ ಸಂಬಂಧವನ್ನು ಹೊರಗಿನವರೂ ಕಂಡುಹಿಡಿಯಬಹುದು.

ಮೈಕ್ರೋಸಾಫ್ಟಿನ ವಿಂಡೋಸ್ ವ್ಯವಸ್ಥೆಯ ವಿಷಯದಲ್ಲಿ ಈ ಚರ್ಚೆಯು ಬಹುಕಾಲ ನಡೆಯಿತು. ಅಲ್ಲಿ ಪ್ರತಿಯೊಂದು ಯಂತ್ರಕ್ಕೂ ಎಸ್‌ಐಡಿ ಎಂಬ ಭದ್ರತಾಸಂಖ್ಯೆಯಿದೆ. ಅದು ಎರಡು ಯಂತ್ರಗಳಲ್ಲಿ ಒಂದೇ ಆಗಬಾರದೆಂದು ನಂಬಿದವರು ಮಾರ್ಕ್ ರುಸಿನೋವಿಚನ ‘ನ್ಯೂಸಿಡ್’ ಎಂಬ ಉಪಕರಣದಿಂದ ಪ್ರತಿಗಳ ಸಂಖ್ಯೆಯನ್ನು ಬದಲಾಯಿಸುತ್ತಿದ್ದರು. ೨೦೦೯ರ ನವೆಂಬರಿನಲ್ಲಿ ಆ ಉಪಕರಣದ ಕರ್ತೃವೇ, ಯಂತ್ರಸಂಖ್ಯೆಯ ಪುನರುಕ್ತಿಯಿಂದ ಸಾಮಾನ್ಯವಾಗಿ ಬಾಧೆಯಿಲ್ಲವೆಂದು ವಾದಿಸಿ ಅದನ್ನು ಹಿಂತೆಗೆದುಕೊಂಡನು. ಆದರೂ ಸಿಸ್‌ಪ್ರೆಪ್ ಎಂಬ ಸಾಧನದಿಂದ ಗುರುತುಗಳನ್ನು ಅಳಿಸಿದ ಮೇಲೆಯೇ ಮಾತೃಕೆಯನ್ನು ಮಾಡಬೇಕೆಂಬ ಸಂಸ್ಥೆಯ ವಿಧಿಯು ಬದಲಾಗಲಿಲ್ಲ. ವಾದವು ಅಲ್ಲಿಗೆ ಮುಗಿಯಿತೆಂದು ಹಲವರು ಭಾವಿಸಿದ್ದರು. ೨೦೨೫ರ ಆಗಸ್ಟ್ ೨೯ರಂದು ಮತ್ತು ಅನಂತರ ಹೊರಬಂದ ವಿಂಡೋಸ್ ಪರಿಷ್ಕರಣಗಳು ಈ ಸಂಖ್ಯೆಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸತೊಡಗಿದುವು. ಒಂದೇ ಸಂಖ್ಯೆಯುಳ್ಳ ಪ್ರತಿಯಂತ್ರಗಳು ಪರಸ್ಪರ ದೃಢೀಕರಿಸಿಕೊಳ್ಳಲಾರದೆ ಹೋದುವು. ಹದಿನಾರು ವರ್ಷ ನಿರುಪದ್ರವಿಯಾಗಿದ್ದ ದೋಷವು, ನೋಡುವವನು ಕಣ್ಣುತೆರೆದೊಡನೆ ದೋಷವೆನಿಸಿತು.

ಡಿಸ್ಕಿನ ಗುರುತುಗಳನ್ನೆಲ್ಲ ಅಳಿಸಿ, ಮೊದಲ ಸಲ ಎಚ್ಚರಗೊಂಡಾಗ ಪ್ರತಿಯು ತಾನೇ ಹೊಸ ಹೆಸರನ್ನೂ ಹೊಸ ಕೀಲಿಯನ್ನೂ ಪಡೆಯುವಂತೆ ಮಾಡುವುದು ಈಗ ರೂಢಿಯಾಗಿದೆ. ೨೦೦೬ರಲ್ಲಿ ಆರಂಭವಾದ ಅಮೆಜಾನಿನ ಇಸಿ೨ ಸೇವೆಯಂಥ ಕಡೆಗಳಲ್ಲಿ ಒಂದೇ ಮಾತೃಕೆಯಿಂದ ಅಸಂಖ್ಯ ಯಂತ್ರಗಳು ಏಳುವುದು ಹೀಗೆ. ಕ್ಲೌಡ್-ಇನಿಟ್ ಎಂಬ ತಂತ್ರಾಂಶವು ಅಲ್ಲಿ ನಾಮಕರಣದ ಪುರೋಹಿತನಿದ್ದಂತೆ. ಡಿಸ್ಕಿನೊಡನೆ ನಡೆಯುತ್ತಿರುವ ಯಂತ್ರದ ಸ್ಮೃತಿಯನ್ನೂ ಹಿಡಿದಿಟ್ಟು ಪ್ರತಿಮಾಡಿದಾಗ ಮಾತ್ರ ಈ ನಾಮಕರಣವು ಸಾಲದು. ಆಗ ಪ್ರತಿಗಳು ನಿದ್ರೆಯಿಂದಲ್ಲ, ಒಂದೇ ಆಲೋಚನೆಯ ನಡುವಿನಿಂದ ಏಳುತ್ತವೆ. ಯಾದೃಚ್ಛಿಕವೆಂದು ಆರಿಸುವ ಸಂಖ್ಯೆಗಳೂ ಒಂದೇ ಆಗುವ ಸಂಭವವುಂಟು. ಹೀಗೆ ಹಿಡಿದಿಟ್ಟ ಸ್ಥಿತಿಯಿಂದ ಯಂತ್ರವನ್ನು ಎರಡು ಸಲ ಎಬ್ಬಿಸಿದರೆ ರಹಸ್ಯಕೀಲಿಯೇ ಬಯಲಾಗಬಹುದೆಂದು ರಿಸ್ಟನ್‌ಪಾರ್ಟ್, ಯೀಲೆಕ್ ಎಂಬವರು ೨೦೧೦ರಲ್ಲಿ ತೋರಿಸಿಕೊಟ್ಟರು. ಪ್ರತಿಯಾದೆನೆಂಬುದನ್ನು ಪ್ರತಿಗೆ ತಿಳಿಸುವ ಸಂಕೇತವೊಂದನ್ನು ಆ ಬಳಿಕ ಕಲ್ಪಿತಯಂತ್ರಗಳಲ್ಲಿ ಅಳವಡಿಸಲಾಯಿತು. ಆ ಸಂಕೇತವನ್ನು ಲಿನಕ್ಸಿನ ತಿರುಳು ಗಮನಿಸತೊಡಗಿದುದು ೨೦೨೨ರಲ್ಲಿ.