ಯೋಕೊಹಾಮ ಸಾಕಿಕೊಂಡ ಅಮೆರಿಕನ್ ಕಾರುಗಳು

ಯೋಕೊಹಾಮದ ಹೊನ್ಮೊಕು ಕಡೆ ಭಾನುವಾರ ಬೆಳಿಗ್ಗೆ ಓಡಾಡಿದವರಿಗೆ ಆ ಕಾರುಗಳು ಹೊಸವಲ್ಲ. ಐದು ಮೀಟರಿಗೂ ಮಿಕ್ಕ ಉದ್ದ, ಎಡಗಡೆ ಸ್ಟೀರಿಂಗು, ಕನ್ನಡಿಯಂತೆ ಹೊಳೆಯುವ ಬಂಪರು. ಊರಿನಿಂದ ಹೊಸದಾಗಿ ಬಂದ ನಮ್ಮವರು ಕೇಳುವುದು ಒಂದೇ ಪ್ರಶ್ನೆ: ಟೊಯೊಟಾ, ಹೋಂಡಾ ಮಾಡುವ ದೇಶದಲ್ಲಿ ಈ ಹಳೇ ಷೆವರ್ಲೆಗಳಿಗೆ ಏನು ಕೆಲಸ? ಅಮೆರಿಕದ ಗೀಳು ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವವರಿದ್ದಾರೆ. ಇಷ್ಟು ವರ್ಷ ಈ ಊರಿನ ನೀರು ಕುಡಿದ ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಈ ಕಾರುಗಳು ಯೋಕೊಹಾಮದವೇ. ಅವನ್ನು ಬಿಚ್ಚಿ, ತೊಳೆದು, ಜೋಡಿಸಿ ಇಟ್ಟುಕೊಂಡಿರುವವರು ತಮ್ಮ ಊರಿನ ಚರಿತ್ರೆಯನ್ನೇ ಕಾಪಾಡುತ್ತಿದ್ದಾರೆ.

ಆ ಚರಿತ್ರೆ ಶುರುವಾಗುವುದು 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಿಂದ. ಟೋಕಿಯೊ, ಯೋಕೊಹಾಮ ಎರಡೂ ನೆಲಕಚ್ಚಿದವು. ಟ್ರಾಮ್ ಹಳಿ, ತಂತಿ, ಗಾಡಿ ಎಲ್ಲ ಹಾಳಾಗಿ ಜನರಿಗೆ ಓಡಾಡುವ ದಾರಿಯೇ ಇಲ್ಲದಂತಾಯಿತು. ಟೋಕಿಯೊ ನಗರಾಡಳಿತ ಅಮೆರಿಕದಿಂದ ಸುಮಾರು 800 ಫೋರ್ಡ್ ಮಾಡೆಲ್ ಟಿ ಚಾಸಿಗಳನ್ನು ತರಿಸಿ, ಮೇಲೆ ಬಾಡಿ ಕಟ್ಟಿಸಿ, 1924ರ ಜನವರಿಯಲ್ಲಿ ಬಸ್ಸಾಗಿ ಓಡಿಸಿತು. ಜನ ಇದನ್ನು ‘ಎಂತಾರೊ ಬಸ್’ ಎಂದು ಕರೆದರು. ಎಂತಾರೊ ಎಂಬ ಹಾಸ್ಯಕಥೆಗಾರ ಹಿಂದೆ ಕುದುರೆ ಬಂಡಿಯವರ ಅಣಕು ಮಾಡಿ ಹೆಸರಾಗಿದ್ದ. ಅವನ ಹೆಸರು ಮೊದಲು ಕುದುರೆ ಬಂಡಿಗೆ, ಆಮೇಲೆ ಈ ಕುಲುಕಾಟದ ಬಸ್ಸಿಗೆ ಅಂಟಿತು. ಆ ಬಸ್ಸುಗಳಲ್ಲಿ ಒಂದು ಇಂದಿಗೂ ಉಳಿದಿದೆ, ಜಪಾನ್ ಸರ್ಕಾರ ಅದನ್ನು ಸಾಂಸ್ಕೃತಿಕ ಆಸ್ತಿಯೆಂದು ಗುರುತಿಸಿದೆ. ಪರದೇಶದ ಒಂದು ಲಾರಿ ಚಾಸಿಗೆ ದೇವಸ್ಥಾನದ ವಿಗ್ರಹಕ್ಕೆ ಕೊಡುವ ಮರ್ಯಾದೆ ಕೊಟ್ಟ ದೇಶ ಇದು.

ಇಲ್ಲಿ ಗಿರಾಕಿ ಇದ್ದಾನೆಂದು ಫೋರ್ಡ್‌ಗೆ ಗೊತ್ತಾಗಲು ತಡವಾಗಲಿಲ್ಲ. 1925ರಲ್ಲಿ ಯೋಕೊಹಾಮದಲ್ಲೇ ಕಂಪನಿ ತೆರೆದು, ಹಡಗಿನಲ್ಲಿ ಬಿಡಿಬಿಡಿಯಾಗಿ ಬಂದ ಕಾರುಗಳನ್ನು ಜೋಡಿಸತೊಡಗಿತು. 1927ರಲ್ಲಿ ಜನರಲ್ ಮೋಟರ್ಸ್ ಒಸಾಕಕ್ಕೆ ಬಂತು. ಮರುವರ್ಷ ಅದೇ ಕಂಪನಿ ಬೊಂಬಾಯಿಯ ಶಿವಡಿಯಲ್ಲಿ ಕಾರ್ಖಾನೆ ಹಾಕಿತು. ಹಾಗಾಗಿ ನಮ್ಮ ಅಜ್ಜಂದಿರು ನೋಡಿದ ಷೆವರ್ಲೆಯೂ ಒಸಾಕದ ಬೀದಿಯ ಷೆವರ್ಲೆಯೂ ಒಂದೇ ಬಳ್ಳಿಯ ಕಾಯಿಗಳು. ನಗರದೊಳಗೆ ಎಲ್ಲಿಗೆ ಹೋದರೂ ಒಂದು ಯೆನ್ ಎಂಬ ಟ್ಯಾಕ್ಸಿಗಳ ಕಾಲ ಅದು. ಓಡುತ್ತಿದ್ದವು ಹೆಚ್ಚಾಗಿ ಫೋರ್ಡ್, ಷೆವರ್ಲೆಗಳೇ. ಅವನ್ನು ರಿಪೇರಿ ಮಾಡುತ್ತ ಮಾಡುತ್ತ ಊರೂರಿನ ಗ್ಯಾರೇಜುಗಳಲ್ಲಿ ಮೆಕ್ಯಾನಿಕ್‌ಗಳ ಒಂದು ತಲೆಮಾರು ಬೆಳೆಯಿತು. ಜಪಾನಿನ ಮೋಟಾರು ಉದ್ಯಮದ ಕಥೆ ಹೇಳುವವರು ಇವರನ್ನು ಮರೆತುಬಿಡುತ್ತಾರೆ, ಅದು ನನಗೆ ಬೇಸರದ ಸಂಗತಿ.

ಕಿಇಚಿರೊ ಟೊಯೊಡ 1933ರಲ್ಲಿ ಒಂದು ಷೆವರ್ಲೆ ಕೊಂಡು, ಅದನ್ನು ಪೂರ್ತಿ ಬಿಚ್ಚಿಸಿ, ಒಂದೊಂದು ಭಾಗವನ್ನೂ ಅಳೆಸಿ ನಕ್ಷೆ ಬರೆಸಿದರು. ಮರುವರ್ಷ ತಯಾರಾದ ಟೊಯೊಟಾದ ಮೊದಲ ಎಂಜಿನ್‌ಗೆ ಆ ಷೆವರ್ಲೆಯೇ ಮಾದರಿ. 1936ರ ಎಎ ಮಾಡೆಲ್ ಕಾರಿನ ಆಕಾರಕ್ಕೆ ಕ್ರೈಸ್ಲರ್ ಕಂಪನಿಯ ಏರ್‌ಫ್ಲೋ ಕಾರುಗಳು ಸ್ಫೂರ್ತಿ. ಅದೇ ವರ್ಷ ಬಂದ ವಾಹನ ತಯಾರಿಕಾ ಕಾನೂನು ವಿದೇಶಿ ಕಂಪನಿಗಳ ಕೈ ಕಟ್ಟಿತು. ದಶಕ ಮುಗಿಯುವ ಹೊತ್ತಿಗೆ ಫೋರ್ಡೂ ಜನರಲ್ ಮೋಟರ್ಸೂ ಜೋಡಣೆ ನಿಲ್ಲಿಸಿದವು. ಯುದ್ಧ ಬಂತು.

ಎರಡನೆಯ ಅಧ್ಯಾಯ ಹೊನ್ಮೊಕುವಿನದು. ಯುದ್ಧ ಸೋತ ಮೇಲೆ ಅಮೆರಿಕದ ಸೇನೆ ಇಲ್ಲಿನ ದೊಡ್ಡ ಜಾಗವನ್ನು ವಶಕ್ಕೆ ತೆಗೆದುಕೊಂಡು ನೌಕಾಪಡೆಯ ಸಂಸಾರಗಳಿಗೆ ಮನೆ ಕಟ್ಟಿಸಿತು. ಸುತ್ತ ತಂತಿಬೇಲಿ. ನನಗೆ ಹಳೆ ಕಾರುಗಳ ದುರಸ್ತಿ ಕಲಿಸಿದ ಗ್ಯಾರೇಜಿನ ಯಜಮಾನರು ಆಗ ಬೇಲಿಯ ಈಚೆಯ ಹುಡುಗ. ಬೇಲಿಯಾಚೆ ಅಗಲ ರಸ್ತೆ, ಮನೆ ಮುಂದೆ ಹುಲ್ಲು, ಹುಲ್ಲಿನ ಪಕ್ಕ ಒಂದು ಬ್ಯೂಕ್. ಈಚೆ ಇಕ್ಕಟ್ಟಿನ ಓಣಿ, ರೇಷನ್ ಅಕ್ಕಿ. ಅವರ ತಂದೆ ಬೇಲಿಯೊಳಗಿನವರ ಕಾರು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದರು. ಮಗನನ್ನು ಕರೆದುಕೊಂಡು ಹೋದ ದಿನ ಅವನು ಗಾಜಿಗೆ ಮೂಗು ಒತ್ತಿ ಡ್ಯಾಶ್‌ಬೋರ್ಡ್ ನೋಡುತ್ತ ನಿಂತುಬಿಡುತ್ತಿದ್ದನಂತೆ. ಯಜಮಾನರಿಗೆ ಈಗ ಎಪ್ಪತ್ತು ದಾಟಿದೆ. ಅಂದು ನೋಡಿದ ಗಡಿಯಾರ, ಸ್ಪೀಡೋಮೀಟರು ಎಲ್ಲೆಲ್ಲಿದ್ದವೆಂದು ಇಂದಿಗೂ ಕಾಗದದ ಮೇಲೆ ಗೀಚಿ ತೋರಿಸುತ್ತಾರೆ.

ಕೊಳ್ಳಲಾಗದ ಕಾರನ್ನು ಜಪಾನಿನವರು ಮೊದಲು ತಗಡಿನಲ್ಲಿ ಮಾಡಿಕೊಂಡರು. 1945ರ ಕೊನೆಗೆ, ಊಟಕ್ಕೇ ತತ್ವಾರವಿದ್ದ ದಿನಗಳಲ್ಲಿ, ಒತ್ಸು ಊರಿನಲ್ಲಿ ಕೊಸುಗೆ ಎಂಬ ಆಟಿಕೆ ಕುಶಲಕರ್ಮಿ ಸೈನಿಕರು ಎಸೆದ ಖಾಲಿ ಡಬ್ಬಗಳನ್ನು ಬಿಡಿಸಿ ಪುಟ್ಟ ಜೀಪುಗಳನ್ನು ಮಾಡಿ ಮಾರಿದರು. ಕೆಲವೇ ವರ್ಷಗಳಲ್ಲಿ ಮಾರುಸಾನ್ ಕಂಪನಿಯ ತಗಡಿನ ಕ್ಯಾಡಿಲಾಕ್ ಅಮೆರಿಕಕ್ಕೇ ರಫ್ತಾಗತೊಡಗಿತು. ಅಂಥ ಆಟಿಕೆಗಳು ಯೋಕೊಹಾಮದ ಗುಡ್ಡದ ಮೇಲಿನ ತಗಡಿನ ಆಟಿಕೆಗಳ ಮ್ಯೂಸಿಯಂನಲ್ಲಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಬಾಗಿಲ ಹಿಡಿಕೆಯವರೆಗೂ ಬಿಡದೆ ಅಚ್ಚೊತ್ತಿ ಮೂಡಿಸಿದ ಆ ಕೆಲಸಗಾರಿಕೆಯನ್ನು ತೋರಿಸಿ.

ನಿಜವಾದ ಕಾರು ಸಿಗುವುದು ಕಷ್ಟವಿತ್ತು. ವಿದೇಶಿ ವಿನಿಮಯದ ಅಭಾವದಿಂದ ಆಮದಿಗೆ ಬಿಗಿ ಕಟ್ಟಳೆಗಳಿದ್ದವು, ಪ್ರಯಾಣಿಕ ಕಾರುಗಳ ಆಮದು ಮುಕ್ತವಾದದ್ದು 1965ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಮುಖ್ಯ ಮೂಲವೆಂದರೆ ಸೈನಿಕರು ಊರಿಗೆ ಮರಳುವಾಗ ಮಾರಿ ಹೋಗುತ್ತಿದ್ದ ಕಾರುಗಳು. ಹೊನ್ಮೊಕು, ಯೊಕೊಸುಕ, ಯೊಕೊಟ ವಾಯುನೆಲೆಯ ಫುಸ್ಸ ಇವುಗಳ ಸುತ್ತ ಅಂಥ ಕಾರುಗಳನ್ನು ಕೊಂಡು, ದುರಸ್ತಿ ಮಾಡಿ ಮಾರುವ ಗ್ಯಾರೇಜುಗಳು ಹುಟ್ಟಿದವು. 1982ರಲ್ಲಿ ಹೊನ್ಮೊಕುವಿನ ಜಾಗ ಜಪಾನಿಗೆ ವಾಪಸಾಯಿತು, ಬೇಲಿ ಹೋಯಿತು, ಗ್ಯಾರೇಜುಗಳು ಉಳಿದವು.

ಆ ದಶಕದಲ್ಲೇ ಹಳೆ ಕಾರಿನವರ ಬಳಗಕ್ಕೆ ಒಂದು ಚಾವಡಿ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ ಡೀನ್ ಮೂನ್ ಎಂಬವರು ರೇಸ್ ಕಾರುಗಳಿಗೆ ಇಂಧನದ ಟ್ಯಾಂಕು, ಚಕ್ರದ ಮುಚ್ಚಳ ಮಾಡುತ್ತಿದ್ದರು, ಎರಡು ಕಣ್ಣಿನ ಚಿಹ್ನೆ ಅವರದ್ದು. ಯೋಕೊಹಾಮದ ಶಿಗೆ ಸುಗನುಮ ಆ ಸಾಮಾನನ್ನು ಜಪಾನಿಗೆ ತಂದು ಮಾರುತ್ತಿದ್ದರು. ಡೀನ್ ಮೂನ್ 1987ರಲ್ಲಿ ತೀರಿಕೊಂಡ ಮೇಲೆ ಕಂಪನಿ ಮುಚ್ಚಿಹೋಗದಂತೆ ಎತ್ತಿ ನಿಲ್ಲಿಸಿದವರೂ ಅವರೇ. ಹೊನ್ಮೊಕುವಿನ ಅವರ ಮೂನ್‌ಐಸ್ ಅಂಗಡಿಗೆ ಏರಿಯಾ-1 ಎಂದು ಹೆಸರು. ನೌಕಾಪಡೆಯ ಹಳೆಯ ವಸತಿಯ ಹೆಸರೇ ಅದು. ಅಮೆರಿಕದ ಒಂದು ಹೆಸರು ಉಳಿಯಲು ಯೋಕೊಹಾಮದವರ ಕೈ ಬೇಕಾಯಿತು. 1987ರಲ್ಲಿ ಸ್ಟ್ರೀಟ್ ಕಾರ್ ನ್ಯಾಷನಲ್ಸ್ ಎಂಬ ಕೂಟ ಶುರುವಾಯಿತು; 1992ರಲ್ಲಿ ಯೋಕೊಹಾಮ ಹಾಟ್ ರಾಡ್ ಕಸ್ಟಮ್ ಷೋ. ಡಿಸೆಂಬರ್‌ನ ಮೊದಲ ಭಾನುವಾರ ಪೆಸಿಫಿಕೊ ಸಭಾಂಗಣದಲ್ಲಿ ನಡೆಯುವ ಆ ಷೋಗೆ ಅಮೆರಿಕದಿಂದಲೇ ಕುಶಲಕರ್ಮಿಗಳು ಬರುತ್ತಾರೆ.

ನನ್ನ ಪಾಲಿಗೆ ಬಂದದ್ದು 1964ರ ಷೆವರ್ಲೆ ಇಂಪಾಲ. ಎಂಟು ಸಿಲಿಂಡರು, 4.6 ಲೀಟರು, ಎರಡೇ ಗೇರಿನ ಆಟೊಮ್ಯಾಟಿಕ್. ಉದ್ದ 5.3 ಮೀಟರ್, ಅಗಲ ಎರಡು ಮೀಟರಿಗೆ ತುಸು ಹೆಚ್ಚು. ಈ ದೇಶದಲ್ಲಿ ಕಾರು ನೋಂದಾಯಿಸುವ ಮೊದಲು ಮನೆಯಿಂದ ಎರಡು ಕಿಲೋಮೀಟರಿನೊಳಗೆ ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಂದ ಪತ್ರ ಪಡೆಯಬೇಕು. ಹಾಗಾಗಿ ಕಾರಿಗಿಂತ ಮುಂಚೆ ಜಾಗ ಹುಡುಕಬೇಕಾಯಿತು.

ಇಂಪಾಲದ ತುಕ್ಕು ಹಿಂದಿನ ಗಾಜಿನಿಂದ ಶುರುವಾಗುತ್ತದೆ. ಗಾಜಿನ ಸುತ್ತಲ ಕ್ರೋಮಿಯಂ ಪಟ್ಟಿಯ ಕೆಳಗೆ ಮಳೆನೀರು ನಿಂತು, ಕ್ಲಿಪ್ಪಿನ ಮೊಳೆಗಳ ಬುಡ ತಿಂದು, ಡಿಕ್ಕಿಯೊಳಗೆ ತೊಟ್ಟಿಕ್ಕಿ, ನೆಲದ ತಗಡನ್ನು ಜರಡಿ ಮಾಡುತ್ತದೆ. ಮೇಲೆ ಬಣ್ಣ ನೋಡಿದರೆ ಏನೂ ತಿಳಿಯದು. ಯಜಮಾನರು ಪಟ್ಟಿ ಬಿಚ್ಚಿ, ಸ್ಕ್ರೂಡ್ರೈವರ್ ಹಿಡಿಯಿಂದ ತಗಡು ತಟ್ಟುತ್ತ ಬಂದರು. ಸದ್ದು ಮಂಕಾದಲ್ಲೆಲ್ಲ ಸೀಮೆಸುಣ್ಣದ ಗುರುತು. ಅಮೆರಿಕದಿಂದ ಹೊಸ ತಗಡು ತರಿಸಬಹುದಿತ್ತು. ಅವರು ಸುತ್ತಿಗೆ, ಡಾಲಿ ಹಿಡಿದು ಕೂತು ತಾವೇ ತುಂಡು ಬಡಿದರು. ಬಡಿದು, ಇಟ್ಟು ನೋಡಿ, ಮತ್ತೆ ಬಡಿದು, ಕೊನೆಗೆ ಬೆಸೆದು, ಬಣ್ಣ ಹಚ್ಚುವ ಮುಂಚೆ ನೀರು ಸುರಿದು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ಮಲಗಿದರು. ಹನಿ ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದದ್ದು. ನಮ್ಮೂರಿನ ಟಿಂಕರಿಂಗ್ ಮೇಸ್ತ್ರಿಗಳಲ್ಲೂ ಈ ಕೈ ಇತ್ತು, ಇದೆ.

ಬೋಲ್ಟುಗಳದ್ದು ಬೇರೆಯೇ ಕಥೆ. ಜಪಾನಿನ ಗ್ಯಾರೇಜಿನಲ್ಲಿ ಎಲ್ಲ ಪಾನಾಗಳೂ ಮಿಲಿಮೀಟರಿನವು, ಇಂಪಾಲದ ಬೋಲ್ಟುಗಳು ಇಂಚಿನವು. ಅರ್ಧ ಇಂಚೆಂದರೆ 12.7 ಮಿಲಿಮೀಟರ್. 13ರ ಪಾನಾ ಅದರ ಮೇಲೆ ಕೂರುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಅರವತ್ತು ವರ್ಷ ಹಿಡಿದ ಬೋಲ್ಟಿಗೆ ಬಲ ಹಾಕಿದರೆ ಮೂಲೆಗಳು ಸವೆದು ಅದು ಗುಂಡಗಾಗುತ್ತದೆ. ಯಜಮಾನರ ಗೋಡೆಯಲ್ಲಿ ಇಂಚಿನ ಪಾನಾಗಳಿಗೇ ಒಂದು ಹಲಗೆ, ಅವುಗಳಲ್ಲಿ ಕೆಲವು ಬೇಲಿಯೊಳಗಿಂದ ಬಂದವು. ಹಿಡಿದ ಬೋಲ್ಟಿಗೆ ಹಿಂದಿನ ಸಂಜೆಯೇ ಎಣ್ಣೆ ಬಿಡಬೇಕು, ಬೆಳಿಗ್ಗೆ ಬಿಸಿ ಮಾಡಿ, ತಲೆಗೆ ಮೆಲ್ಲನೆ ತಟ್ಟಿ, ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಸಡಿಲಿಸಬೇಕು. ಈ ಕೆಲಸದಲ್ಲಿ ಅವರು ಮಾತಾಡುತ್ತಿರಲಿಲ್ಲ, ರೇಡಿಯೊ ಕೂಡ ಆರಿಸುತ್ತಿದ್ದರು. ಬೋಲ್ಟ್ ಬಿಟ್ಟುಕೊಡುವಾಗಿನ ಕಿರ್ ಎಂಬ ಸದ್ದು ಕೇಳಬೇಕಿತ್ತು ಅವರಿಗೆ.

ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು: 1955ರಲ್ಲಿ ಬಂದ ಷೆವರ್ಲೆಯ ಸಣ್ಣ ವಿ-8 ಎಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ ಇದು. ಈ ಬಳಗದಲ್ಲಿ ಇಂಗ್ಲಿಷ್ ಒಂದಕ್ಷರ ಬಾರದವರೂ ಇದನ್ನು ಮಗ್ಗಿಯಂತೆ ಹೇಳುತ್ತಾರೆ, ನನಗೂ ಜಪಾನಿಯಲ್ಲೇ ಬಾಯಿಪಾಠವಾಗಿದೆ. ಎಂಜಿನ್ ಬಿಚ್ಚಿದಾಗ ವಾಲ್ವ್ ಸೀಟುಗಳಿಗೆ ಗಟ್ಟಿ ಲೋಹದ ಉಂಗುರ ಕೂರಿಸಿದೆವು. ಸೀಸ ಬೆರೆತ ಪೆಟ್ರೋಲಿಗೆಂದು ಮಾಡಿದ ಎಂಜಿನ್ ಅದು. ಜಪಾನಿನಲ್ಲಿ ಸಾಮಾನ್ಯ ಪೆಟ್ರೋಲಿನಿಂದ ಸೀಸ ಹೋದದ್ದೇ 1975ರಲ್ಲಿ.

ಎರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ತಪಾಸಣೆ, ನಮ್ಮ ಎಫ್‌ಸಿ ಇದ್ದಂತೆ. ಬಲಬದಿ ಸಂಚಾರಕ್ಕೆಂದು ಮಾಡಿದ ಹೆಡ್‌ಲೈಟು ಇಲ್ಲಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಬದಲಿಸದೆ ಪಾಸಾಗದು. ತಪಾಸಣೆ ಕಟ್ಟುನಿಟ್ಟಾಗಿರುವುದು ಒಳ್ಳೆಯದೇ. ಬ್ರೇಕ್ ಹಿಡಿಯದ ಹಳೆ ಕಾರು ರಸ್ತೆಗೆ ಬರಬಾರದು. ನನ್ನ ತಕರಾರು ತೆರಿಗೆಯ ಮೇಲೆ. 4.5ರಿಂದ 6 ಲೀಟರಿನ ಎಂಜಿನ್ನಿಗೆ ವರ್ಷಕ್ಕೆ 88,000 ಯೆನ್, ಆರು ಲೀಟರ್ ದಾಟಿದರೆ 1,11,000. ನೋಂದಣಿಯಾಗಿ 13 ವರ್ಷ ಕಳೆದ ಪೆಟ್ರೋಲ್ ಕಾರಿಗೆ ಅದರ ಮೇಲೆ ಸುಮಾರು ಶೇ. 15 ಹೆಚ್ಚುವರಿ. ತಿಂಗಳಿಗೊಮ್ಮೆ ಹೊರಬರುವ ಕಾರಿಗೂ ಇದೇ ಲೆಕ್ಕ. ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲರೂಪದಲ್ಲಿರುವ ಕಾರಿಗೆ ಪ್ರತ್ಯೇಕ ಪ್ಲೇಟು, ಒಂದೇ ದರದ ತೆರಿಗೆ. ನಮ್ಮ ಭಾರತವೂ 2021ರಲ್ಲಿ 50 ವರ್ಷ ಮೀರಿದ ವಾಹನಗಳಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ತಂದಿತು. ಎಂತಾರೊ ಬಸ್ಸನ್ನು ಸಾಂಸ್ಕೃತಿಕ ಆಸ್ತಿ ಎಂದ ದೇಶ, ಓಡಾಡುವ ಹಳೆ ಕಾರಿಗೆ ದಂಡ ಹಾಕುವುದು ಸರಿಯಲ್ಲ. ಯಜಮಾನರ ಗಿರಾಕಿಗಳಲ್ಲಿ ಕಾರು ಮಾರಿಬಿಟ್ಟ ಹಿರಿಯರಿದ್ದಾರೆ. ಅಂಥ ಕಾರುಗಳು ಹಡಗೇರಿ ಮತ್ತೆ ಅಮೆರಿಕಕ್ಕೆ ಹೋಗುತ್ತವೆ.

ಐಚಿ ಪ್ರಾಂತದ ನಾಗಾಕುತೆಗೆ ಹೋಗದವರು ಒಮ್ಮೆ ಹೋಗಲೇಬೇಕು. 1989ರಲ್ಲಿ ಅಲ್ಲಿ ತೆರೆದ ಟೊಯೊಟಾ ಮೋಟಾರು ಮ್ಯೂಸಿಯಂ ತನ್ನ ಕಂಪನಿಯ ಕಾರುಗಳನ್ನಷ್ಟೇ ಇಟ್ಟುಕೊಂಡಿಲ್ಲ. ಕೇವಲ 51 ತಯಾರಾದ ಟಕರ್ ಕಾರುಗಳಲ್ಲಿ ಒಂದು ಅಲ್ಲಿದೆ, ಅಧ್ಯಕ್ಷ ರೂಸ್‌ವೆಲ್ಟ್ ಬಳಸಿದ ಪ್ಯಾಕರ್ಡ್ ಇದೆ. ಕಾರುಗಳನ್ನು ಓಡುವ ಸ್ಥಿತಿಯಲ್ಲೇ ಇಡಬೇಕೆಂಬುದು ಅವರ ಪದ್ಧತಿ. ಷೆವರ್ಲೆ ಬಿಚ್ಚಿ ಪಾಠ ಕಲಿತವರ ಮನೆತನ ಆ ಋಣ ಮರೆತಿಲ್ಲ ಎಂದು ಅಲ್ಲಿ ನಿಂತಾಗ ನನಗೆ ಅನ್ನಿಸುತ್ತದೆ.

ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆಯ ಕಾರುಗಳನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅಷ್ಟು ಆರೈಕೆ ಸಿಗದೆ ಮಲೆನಾಡಿನ, ಮೈಸೂರು ಸೀಮೆಯ ಕೊಟ್ಟಿಗೆಗಳಲ್ಲಿ ಟಾರ್ಪಾಲು ಹೊದ್ದ ವಿಲ್ಲಿಸ್ ಜೀಪು, ಡಾಜ್, ಷೆವರ್ಲೆಗಳು ಇನ್ನೂ ಇವೆ. ರಜೆಗೆ ಹೋದಾಗ ನಿಮ್ಮ ಅಜ್ಜನ ಮನೆಯಲ್ಲಿ ಅಂಥದ್ದೊಂದು ಕಂಡರೆ, ಯಜಮಾನರು ಹೇಳಿಕೊಟ್ಟಂತೆ ಮಾಡಿ. ಬ್ಯಾಟರಿ ಕಟ್ಟಿ ಸ್ಟಾರ್ಟ್ ಮಾಡಲು ಹೋಗಬೇಡಿ. ಸುತ್ತಲೂ, ಕೆಳಗೂ ಫೋಟೊ ತೆಗೆದುಕೊಳ್ಳಿ. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಸು ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟುಬಿಡಿ. ಮರುದಿನ ಗೇರು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ, ಮತ್ತೆ ಎಣ್ಣೆ ಬಿಡಿ. ಪೆಟ್ರೋಲ್ ಟ್ಯಾಂಕನ್ನು ಕೆಳಗಿಳಿಸಿ ತೊಳೆಸುವವರೆಗೆ ಎಂಜಿನ್ನಿಗೆ ಅದರ ಹನಿಯೂ ಹೋಗಬಾರದು. ಬಿಚ್ಚಿದ ಒಂದೊಂದು ಬೋಲ್ಟಿಗೂ ಚೀಟಿ ಕಟ್ಟಿ, ಎಲ್ಲಿಂದ ಬಂತೆಂದು ಬರೆದು, ಪಾನಾ ಹಿಡಿಯುವ ಮೊದಲು ಅದು ಇಂಚಿನದೋ ಮಿಲಿಮೀಟರಿನದೋ ನೋಡಿಕೊಳ್ಳಿ.